ಲಿಫ್ಟ್ ಇಲ್ಲದ ಬೆಟ್ಟದಲ್ಲಿ ಗೆಳೆಯರ ಜೊತೆ ಸ್ಕೀ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಕೀ ಅಂದ ತಕ್ಷಣ ಹೆಚ್ಚಿನವರ ಕಣ್ಣ ಮುಂದೆ ಬರುವುದು ರೆಸಾರ್ಟು. ಮೇಲೆ ಹೋಗಲು ಲಿಫ್ಟು, ರಾತ್ರಿಯೆಲ್ಲ ಯಂತ್ರ ಓಡಿಸಿ ಸಮ ಮಾಡಿದ ಹಿಮ, ದಾರಿ ತಪ್ಪದಂತೆ ಎರಡೂ ಬದಿ ಕಂಬ, ಬಿದ್ದು ಕಾಲು ಮುರಿದರೆ ಸ್ಲೆಡ್ಡು ಎಳೆದುಕೊಂಡು ಬರುವ ರಕ್ಷಣಾ ತಂಡದವರು. ನಾನಿವತ್ತು ಮಾತಾಡುವುದು ಇದ್ಯಾವುದೂ ಇಲ್ಲದ ಜಾಗದ ಬಗ್ಗೆ. ಅಲ್ಲಿ ಮೇಲೆ ಹತ್ತುವುದು ನಿಮ್ಮ ಕಾಲಿನಿಂದಲೇ. ದಾರಿ ಎಲ್ಲಿ ಅಂತ ನೀವೇ ತೀರ್ಮಾನಿಸಬೇಕು. ಈ ಇಳಿಜಾರು ನಿಲ್ಲುತ್ತದಾ, ಕುಸಿಯುತ್ತದಾ ಅಂತ ಯಾರೂ ಮೊದಲೇ ನೋಡಿ ಇಟ್ಟಿರುವುದಿಲ್ಲ. ಹೆಚ್ಚುಕಡಿಮೆ ಆದರೆ ಎತ್ತುವವರು ಜೊತೆಗೆ ಬಂದ ಮೂರ್ನಾಲ್ಕು ಜನ ಮಾತ್ರ. ಇದಕ್ಕೆ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಅನ್ನುತ್ತಾರೆ.

ನನ್ನ ಮಾತೆಲ್ಲ ಸುತ್ತುವುದು ಆ ಮೂರ್ನಾಲ್ಕು ಜನರ ಸುತ್ತಲೇ. ಹಿಮ, ಬೆಟ್ಟ, ಸಲಕರಣೆ ಎಲ್ಲ ನಡುವೆ ಬರುತ್ತವೆ. ಆದರೆ ದೂರದ ಬೆಟ್ಟದಲ್ಲಿ ನಿಮ್ಮನ್ನು ಉಳಿಸುವವರೂ ಗೆಳೆಯರೇ, ಹೋಗಬಾರದ ಕಡೆ ನಿಮ್ಮನ್ನು ಕರೆದುಕೊಂಡು ಹೋಗುವುದೂ ಗೆಳೆತನವೇ. ಎರಡೂ ಒಂದೇ ಗುಂಪಿನೊಳಗೆ ಇರುತ್ತವೆ. ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟ ಆಗುತ್ತದೆ, ಅಲ್ವಾ?

ಮೊದಲು ಹತ್ತುವ ವಿಷಯ ಹೇಳಿಬಿಡುತ್ತೇನೆ. ದಿನದ ಬಹುಪಾಲು ಅದೇ.

ಸ್ಕೀ ಜಾರುವುದಕ್ಕೆ ಇರುವ ವಸ್ತು. ಅದನ್ನು ಹಾಕಿಕೊಂಡು ಬೆಟ್ಟ ಹತ್ತುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಉತ್ತರ, ಸ್ಕಿನ್. ಸ್ಕೀಯ ಅಡಿಗೆ ಉದ್ದಕ್ಕೂ ಅಂಟಿಸುವ ಪಟ್ಟಿ ಇದು. ಒಂದು ಕಡೆ ಅಂಟು, ಇನ್ನೊಂದು ಕಡೆ ಒತ್ತಾದ ಸಣ್ಣ ಕೂದಲು. ಬೆಕ್ಕಿನ ಬೆನ್ನು ಸವರಿದ ಹಾಗೆ: ತಲೆಯಿಂದ ಬಾಲದ ಕಡೆಗೆ ಕೈ ಆಡಿಸಿದರೆ ನುಣುಪು, ಉಲ್ಟಾ ಆಡಿಸಿದರೆ ತಡೆ. ಹಾಗಾಗಿ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಿಂದೆ ಇದಕ್ಕೆ ಸೀಲ್ ಪ್ರಾಣಿಯ ಚರ್ಮವನ್ನೇ ಬಳಸುತ್ತಿದ್ದರು, ಹೆಸರು ಬಂದಿದ್ದೂ ಅಲ್ಲಿಂದಲೇ. ಈಗ ನೈಲಾನ್ ಅಥವಾ ಮೊಹೇರ್, ಅಂದರೆ ಅಂಗೋರಾ ಆಡಿನ ಕೂದಲು.

ಇನ್ನೊಂದು ಗುಟ್ಟು ಬೈಂಡಿಂಗ್‌ನಲ್ಲಿದೆ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯಲ್ಲಿ. ಹತ್ತುವಾಗ ಹಿಮ್ಮಡಿ ಬಿಟ್ಟಿರಬೇಕು, ಇಳಿಯುವಾಗ ಬಿಗಿಯಾಗಿ ಕೂರಬೇಕು. 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ಅನ್ನುವವರು ಬೂಟಿನ ಮೂತಿಯನ್ನು ಎರಡು ಸಣ್ಣ ಪಿನ್ನುಗಳ ನಡುವೆ ಹಿಡಿದು ನಿಲ್ಲಿಸುವ ಬೈಂಡಿಂಗ್ ಮಾಡಿದರು. ಹೆಜ್ಜೆ ಇಟ್ಟಾಗ ಬೂಟು ಮಾತ್ರ ಏಳುತ್ತದೆ, ಬೈಂಡಿಂಗಿನ ಭಾರ ಏಳುವುದಿಲ್ಲ. ಇಡೀ ದಿನ ಸಾವಿರಾರು ಹೆಜ್ಜೆ ಇಡುವವನಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಹತ್ತಿದವನಿಗೇ ಗೊತ್ತು.

ಈ ಪಿನ್ ಬೈಂಡಿಂಗಿಗೆ ಒಂದು ಚಾಳಿ ಇದೆ. ಮುಂಭಾಗದ ಸ್ಪ್ರಿಂಗುಗಳ ಅಡಿಯಲ್ಲಿ ಹಿಮ ಸೇರಿಕೊಂಡು, ತುಳಿದೂ ತುಳಿದೂ ಗಟ್ಟಿ ಮಂಜುಗಡ್ಡೆ ಆಗುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಬೂಟು ಕೂರುತ್ತದೆ, 'ಟಕ್' ಅನ್ನುವ ಸದ್ದೂ ಬರುತ್ತದೆ. ಆದರೆ ಪಿನ್ನುಗಳು ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಮೊದಲ ತಿರುವಿನಲ್ಲೇ ಸ್ಕೀ ಕಾಲು ಬಿಟ್ಟು ಹೊರಡುತ್ತದೆ. ಅದಕ್ಕೇ ತುದಿಯಲ್ಲಿ ಇಳಿಯಲು ಸಜ್ಜಾಗುವಾಗ ಎಲ್ಲರೂ ಒಂದು ಕಾಲ ಮೇಲೆ ಬಗ್ಗಿ, ಪೋಲ್‌ನ, ಅಂದರೆ ಕೈಯಲ್ಲಿ ಹಿಡಿಯುವ ಕೋಲಿನ, ಮೊನೆಯಿಂದ ಬೈಂಡಿಂಗ್ ಅಡಿ ಕೆರೆಯುತ್ತಿರುತ್ತಾರೆ. ನೋಡುವವರಿಗೆ ತಮಾಷೆ ಅನ್ನಿಸಬಹುದು. ಬೂಟು ಹಾಕಿದ ಮೇಲೆ ಕಾಲನ್ನು ಒಂದಷ್ಟು ಸಲ ಮೇಲೆ ಕೆಳಗೆ ಆಡಿಸಿ ನೋಡುವುದೂ ಇದಕ್ಕೇ. ನಮ್ಮಲ್ಲಿ ಒಬ್ಬಳು ತನ್ನದು ಮುಗಿದ ಮೇಲೆ ಎಲ್ಲರ ಬೈಂಡಿಂಗನ್ನೂ ಸುಮ್ನೆ ಒಮ್ಮೆ ನೋಡಿಕೊಂಡು ಬರುತ್ತಾಳೆ. ಯಾರೂ ಹೇಳಿದ್ದಲ್ಲ. ಅವಳ ಜೊತೆ ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ನನಗೆ ಅನ್ನಿಸಿದ್ದು ಅವಳ ಸ್ಕೀಯಿಂಗ್ ನೋಡಿ ಅಲ್ಲ, ಇದನ್ನು ನೋಡಿ.

ಸಮಯದ ಲೆಕ್ಕಕ್ಕೆ ಒಂದು ಸುಲಭ ಸೂತ್ರ ಇದೆ. ಸ್ವಿಟ್ಜರ್ಲೆಂಡಿನ ಪರ್ವತ ಗೈಡ್ ವೆರ್ನರ್ ಮುಂಟರ್ ಅವರ ಹೆಸರಿನಲ್ಲಿ ಬಳಕೆಯಲ್ಲಿದೆ. ದೂರ ಎಷ್ಟು ಕಿಲೋಮೀಟರ್ ಅಂತ ನೋಡಿ. ಏರುವ ಎತ್ತರದಲ್ಲಿ ಪ್ರತಿ 100 ಮೀಟರಿಗೆ 1 ಸೇರಿಸಿ. ಬಂದದ್ದನ್ನು 4ರಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. 6 ಕಿಲೋಮೀಟರ್ ದೂರ, 1,200 ಮೀಟರ್ ಏರು ಅಂದರೆ 6 ಕೂಡಿಸು 12, ಒಟ್ಟು 18. ನಾಲ್ಕರಿಂದ ಭಾಗಿಸಿದರೆ ನಾಲ್ಕೂವರೆ ಗಂಟೆ. ಸ್ಕೀಯಲ್ಲಿ ಇಳಿಯಲು ಅದೇ 18ನ್ನು 10ರಿಂದ ಭಾಗಿಸಬೇಕು, ಎರಡು ಗಂಟೆಗೂ ಕಡಿಮೆ. ಊಟ, ನೀರು, ಸ್ಕಿನ್ ಬಿಚ್ಚುವುದು, ಹರಟೆ ಇದರಲ್ಲಿ ಇಲ್ಲ. ನಾವು ಅದಕ್ಕೆ ಬೇರೆ ಸಮಯ ಇಡುತ್ತೇವೆ, ಹರಟೆಗೇ ಜಾಸ್ತಿ.

ಹಾಗಾದರೆ ಇಷ್ಟು ಒದ್ದಾಟ ಯಾಕೆ? ಇಳಿಯುವ ಖುಷಿ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ಯಾರೂ ತುಳಿಯದ ಹೊಸ ಹಿಮದಲ್ಲಿ ಮೊಣಕಾಲವರೆಗೆ ಮುಳುಗಿ ತಿರುವು ಹಾಕುವಾಗ ಮೈಗೆ ತೂಕವೇ ಇಲ್ಲ ಅನ್ನಿಸುತ್ತದೆ. ಆದರೆ ಅದು ಬೇಗ ಮುಗಿದು ಹೋಗುತ್ತದೆ. ನನಗಂತೂ ಹತ್ತುವ ಗಂಟೆಗಳೇ ಹೆಚ್ಚು ಇಷ್ಟ. ಒಬ್ಬರ ಹಿಂದೆ ಒಬ್ಬರು, ಸ್ಕಿನ್ನಿನ ಸರ್ ಸರ್ ಸದ್ದು, ಮಾತು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಮುಖ ನೋಡದೆ ಮಾತಾಡುವಾಗ ಜನ ಹೇಳದ ವಿಷಯಗಳನ್ನೆಲ್ಲ ಹೇಳುತ್ತಾರೆ. ಪಕ್ಕದವರ ಜೊತೆ ಮಾತಾಡಿಕೊಂಡು ಹತ್ತಲು ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ಬೆವರಿದರೆ ತುದಿಯಲ್ಲಿ ಗಾಳಿಗೆ ನಿಂತಾಗ ನಡುಗುವವರೂ ನಾವೇ.

ಈಗ ಹಿಮಕುಸಿತ. ಇಲ್ಲಿ ಸ್ವಲ್ಪ ನಿಂತು ಮಾತಾಡುತ್ತೇನೆ.

ಹಿಮಕುಸಿತ ಅಂದರೆ ದೂರದ ಶಿಖರದಿಂದ ಗುಡುಗಿಕೊಂಡು ಬಂದು ಯಾರದೋ ಮೇಲೆ ಬೀಳುವ ದೈವದ ಕೋಪ ಅಂತ ಅನೇಕರ ಕಲ್ಪನೆ. ಸ್ಕೀ ಮಾಡುವವರನ್ನು ಕೊಲ್ಲುವುದು ಹೆಚ್ಚಾಗಿ ಅಂಥದ್ದಲ್ಲ. ಸುಮಾರು 10ರಲ್ಲಿ 9 ಸಲ ಅದನ್ನು ಹೊರಡಿಸುವುದು ಸಿಕ್ಕಿಹಾಕಿಕೊಂಡವರೇ, ಇಲ್ಲವೇ ಅವರ ಗುಂಪಿನವರೇ. ಹೆಚ್ಚಿನವು ಹೊರಡುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಬೇಸರದ ವಿಷಯ ಏನೆಂದರೆ ಸ್ಕೀ ಮಾಡಲು ತುಂಬಾ ಮಜಾ ಇರುವ ಇಳಿಜಾರೂ ಅದೇ.

ಹಿಮ ಒಂದೇ ಸಲ ಬಿದ್ದು ಒಂದೇ ಗುಡ್ಡೆಯಾಗಿ ಕೂರುವುದಿಲ್ಲ. ಪದರ ಪದರವಾಗಿ ಕೂರುತ್ತದೆ. ಪ್ರತಿ ಪದರವೂ ಆ ದಿನದ ಹವೆಯ ದಾಖಲೆ. ಗಾಳಿಯಿಲ್ಲದ, ಮೋಡವಿಲ್ಲದ ಚಳಿಯ ರಾತ್ರಿಯೊಂದನ್ನು ನೆನೆಸಿಕೊಳ್ಳಿ. ಹಿಮದ ಮೇಲ್ಮೈ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಹರಳಾಗಿ ಬೆಳೆಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಇಡೀ ಬಯಲಿನ ಮೇಲೆ ಬೆರಳ ಉಗುರಿನಷ್ಟು ದೊಡ್ಡ, ತೆಳುವಾದ, ಗೆರೆ ಗೆರೆಯ ಗರಿಗಳು ನೆಟ್ಟಗೆ ನಿಂತಿರುತ್ತವೆ. ಬಿಸಿಲು ಬಿದ್ದರೆ ಮಿನುಗುತ್ತವೆ. ಸ್ಕೀ ಹಾಯಿಸಿದರೆ ಗಾಜಿನ ಚೂರಿನ ಹಾಗೆ ಕಿಣಿಕಿಣಿ ಸದ್ದು. ಅಷ್ಟು ಚಂದದ್ದನ್ನು ನೋಡಿ ಅನುಭವಿಗಳ ಮುಖ ಯಾಕೆ ಗಂಭೀರವಾಗುತ್ತದೆ ಅಂದರೆ, ನಾಳೆ ಅದರ ಮೇಲೆ ಅರ್ಧ ಮೀಟರ್ ಹೊಸ ಹಿಮ ಬಿದ್ದರೆ ಆ ಗರಿಗಳು ಒಳಗೆ ಹಾಗೇ ನಿಂತಿರುತ್ತವೆ. ಮೇಲೆ ಗಟ್ಟಿ ಹಾಳೆ, ಕೆಳಗೆ ಗಟ್ಟಿ ನೆಲೆ, ನಡುವೆ ನಿಂತ ಗರಿ. ವಾರಗಟ್ಟಲೆ ಕಾಯುತ್ತಾ ಇರುತ್ತದೆ.

ಆಮೇಲೆ ನಾವು ಬರುತ್ತೇವೆ. ಒಬ್ಬರ ತೂಕ ಸಾಕು. ಕಾಲ ಕೆಳಗೆ 'ವೂಂಫ್' ಅಂತ ಒಂದು ಸದ್ದು, ಹೊಟ್ಟೆಯೊಳಗೆ ತಟ್ಟಿದ ಹಾಗೆ. ಗರಿಗಳು ಒಂದನ್ನೊಂದು ಕೆಡವುತ್ತಾ ಸುತ್ತಲೂ ಕುಸಿದು ಹೋದ ಸದ್ದು ಅದು. ಸಮತಟ್ಟಾದ ಜಾಗದಲ್ಲಿದ್ದರೆ ಅಷ್ಟೇ ಆಗುತ್ತದೆ, ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೀರಿ. ಅದೇ ಪದರ 35 ಡಿಗ್ರಿ ಇಳಿಜಾರಿನಲ್ಲಿದ್ದರೆ ಮೇಲಿನ ಹಾಳೆ ಪೂರ್ತಿ ಬಿಟ್ಟುಕೊಂಡು ಹೊರಡುತ್ತದೆ. ನೀವು ಅದರ ಕೆಳಗಲ್ಲ, ನಡುವೆ ನಿಂತಿರುತ್ತೀರಿ.

ಹಿಮ ಬಾಯಿಬಿಟ್ಟು ಹೇಳುವ ಲಕ್ಷಣಗಳು ಬೇರೆಯೂ ಇವೆ. ಹತ್ತಿರದಲ್ಲೇ ಇತ್ತೀಚೆಗೆ ಕುಸಿದಿರುವುದು. ಸ್ಕೀಯ ತುದಿಯಿಂದ ಮುಂದಕ್ಕೆ ಬಿರುಕು ಓಡುವುದು. ಒಂದೇ ಸಲಕ್ಕೆ ತುಂಬಾ ಹಿಮ ಬಿದ್ದಿರುವುದು, ಗಾಳಿ ಹಿಮವನ್ನು ಒಂದು ಕಡೆಯಿಂದ ಎತ್ತಿ ಮರೆಯ ಕಡೆ ಪೇರಿಸಿರುವುದು, ತಟ್ಟನೆ ಸೆಕೆಯಾಗುವುದು. ಇವಕ್ಕೆ ಯಂತ್ರ ಬೇಡ, ಕಣ್ಣು ಕಿವಿ ಸಾಕು. ಕಷ್ಟ ಇರುವುದು ಕಂಡದ್ದನ್ನು ಜೋರಾಗಿ ಹೇಳುವುದರಲ್ಲಿ.

ಹೂತುಹೋದವರಿಗೆ ಎಷ್ಟು ಸಮಯ ಇರುತ್ತದೆ? 1994ರಲ್ಲಿ ಪ್ರಕಟವಾದ ಸ್ವಿಸ್ ಅಪಘಾತಗಳ ಅಧ್ಯಯನವೊಂದು ಈ ಕ್ಷೇತ್ರದ ಯೋಚನೆಯನ್ನೇ ಬದಲಾಯಿಸಿತು. ಮೊದಲ 15 ನಿಮಿಷದೊಳಗೆ ಹೊರತೆಗೆದರೆ 10ರಲ್ಲಿ 9 ಜನ ಬದುಕುತ್ತಾರೆ. 35 ನಿಮಿಷ ಆದರೆ ಬದುಕುವವರು 3 ಜನ. ಆಮೇಲಿನ ಅಧ್ಯಯನಗಳು ಆ 15 ನಿಮಿಷವನ್ನೂ ಕಡಿಮೆ ಮಾಡಿವೆ. ಉಸಿರಾಡಲು ಗಾಳಿ ಇರುವುದಿಲ್ಲ, ಸಾವು ಬರುವುದು ಬಹುತೇಕ ಅದರಿಂದಲೇ. ಹೆಲಿಕಾಪ್ಟರಿಗೆ ಕರೆ ಹೋಗಿ, ಅದು ಎದ್ದು, ಜಾಗ ಹುಡುಕಿ ಇಳಿಯುವ ಹೊತ್ತಿಗೆ ಆ ಗಡುವು ದಾಟಿರುತ್ತದೆ. ರಸ್ತೆಯಿಂದ ಎರಡು ದಿನ ದೂರ ಇರುವ ಜಾಗದಲ್ಲಂತೂ ಹೇಳುವುದೇ ಬೇಡ. ನಿಮ್ಮ ಗೆಳೆಯರೇ ಆಂಬುಲೆನ್ಸು.

ಹಾಗಾಗಿ ಪ್ರತಿಯೊಬ್ಬರ ಮೈಮೇಲೂ ಬೀಕನ್, ಚೀಲದಲ್ಲಿ ಪ್ರೋಬ್ ಮತ್ತು ಸಲಿಕೆ. ಬೀಕನ್ ಸಣ್ಣ ರೇಡಿಯೋ. ಸಾಮಾನ್ಯವಾಗಿ ಸಂಕೇತ ಕಳಿಸುತ್ತಾ ಇರುತ್ತದೆ, ಬೇಕಾದಾಗ ಹುಡುಕುವ ಕಡೆಗೆ ತಿರುಗಿಸಬಹುದು. ಅಮೆರಿಕದ ಜಾನ್ ಲಾಟನ್ 1968ರಲ್ಲಿ ಮೊದಲನೆಯದನ್ನು ಮಾಡಿದರು. ಇವತ್ತು ಎಲ್ಲ ಕಂಪನಿಗಳ ಬೀಕನ್ನುಗಳೂ 457 ಕಿಲೋಹರ್ಟ್ಜ್‌ನಲ್ಲೇ ಕೆಲಸ ಮಾಡುತ್ತವೆ, ಯಾರದನ್ನು ಯಾರು ಬೇಕಾದರೂ ಹುಡುಕಬಹುದು. ಬೀಕನ್ ಹತ್ತಿರಕ್ಕೆ ತಂದು ಬಿಡುತ್ತದೆ. ಪ್ರೋಬ್ ಅನ್ನುವ ಉದ್ದ ಕಡ್ಡಿ ಚುಚ್ಚಿ ನಿಖರ ಜಾಗ ಕಂಡುಹಿಡಿಯಬೇಕು. ತಗುಲಿದ ಮೇಲೆ ಅದನ್ನು ಕೀಳಬಾರದು, ಹಾಗೇ ಬಿಟ್ಟು ಅಗೆಯಬೇಕು.

ಜನ ಮರೆಯುವುದು ಈ ಅಗೆತವನ್ನು. ಕುಸಿದು ನಿಂತ ಹಿಮ ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಕೈಯಿಂದ ಕೆರೆದರೆ ಉಗುರು ಕಿತ್ತು ಬರುತ್ತದೆಯೇ ಹೊರತು ಹಿಮ ಬರುವುದಿಲ್ಲ. ಒಂದು ಮೀಟರ್ ಆಳದಲ್ಲಿರುವವರನ್ನು ತಲುಪಲು ಒಂದು ಟನ್ನಿಗೂ ಹೆಚ್ಚು ಹಿಮ ಪಕ್ಕಕ್ಕೆ ಹಾಕಬೇಕಾಗಬಹುದು. ನೇರ ಕೆಳಗೆ ಗುಂಡಿ ತೋಡಿದರೆ ಮಣ್ಣು ಎತ್ತಿದ ಹಾಗೆ ಎತ್ತಿ ಎಸೆಯಬೇಕಾಗುತ್ತದೆ, ಎರಡೇ ನಿಮಿಷಕ್ಕೆ ಸುಸ್ತು. ಅದಕ್ಕೆ ಇಳಿಜಾರಿನ ಕೆಳಬದಿಯಿಂದ ಶುರು ಮಾಡುತ್ತಾರೆ. ಮುಂದೆ ಒಬ್ಬ ಕತ್ತರಿಸುತ್ತಾನೆ, ಹಿಂದಿನವರು 'ವಿ' ಆಕಾರದಲ್ಲಿ ನಿಂತು ದೋಣಿ ಹುಟ್ಟು ಹಾಕಿದಂತೆ ಹಿಮವನ್ನು ಹಿಂದಕ್ಕೆ ಎಳೆಯುತ್ತಾರೆ. ಸ್ವಲ್ಪ ಹೊತ್ತಿಗೊಮ್ಮೆ ಜಾಗ ಬದಲು. ಇದನ್ನು ಮೊದಲೇ ಒಟ್ಟಿಗೆ ಅಭ್ಯಾಸ ಮಾಡದ ಗುಂಪು ಆ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಸಲಿಕೆ ತಗುಲಿಸಿಕೊಳ್ಳುತ್ತಾ ನಿಲ್ಲುತ್ತದೆ.

ಗೆಳೆಯರು ಉಳಿಸುತ್ತಾರೆ ಅನ್ನುವ ಭಾಗ ಇಷ್ಟು. ಈಗ ಇನ್ನೊಂದು ಭಾಗ.

ಅಮೆರಿಕದ ಇಯಾನ್ ಮೆಕ್ಯಾಮನ್ ಅನ್ನುವ ಸಂಶೋಧಕರು 1972ರಿಂದ 2003ರವರೆಗೆ ಅಲ್ಲಿ ನಡೆದ 715 ಹಿಮಕುಸಿತ ಅಪಘಾತಗಳ ವರದಿ ಇಟ್ಟುಕೊಂಡು ಕೂತರು. ಅವರ ಪ್ರಶ್ನೆ ಸರಳ: ಅಪಾಯದ ಗುರುತು ಕಣ್ಣಿಗೆ ಹೊಡೆಯುವ ಹಾಗೆ ಇದ್ದರೂ, ತರಬೇತಿ ಆದವರೂ ಯಾಕೆ ಹೋದರು? ಸಿಕ್ಕಿದ ಉತ್ತರದಲ್ಲಿ ಹಿಮಕ್ಕಿಂತ ಮನುಷ್ಯರೇ ಜಾಸ್ತಿ ಇದ್ದರು. ಗೊತ್ತಿರುವ ಜಾಗ ಅನ್ನುವ ಸಲಿಗೆ. ಹೊರಟಿದ್ದೇವೆ, ಮುಗಿಸಿಯೇ ಬಿಡೋಣ ಅನ್ನುವ ಹಠ. ಬೇರೆಯವರ ಮೆಚ್ಚುಗೆಯ ಆಸೆ. ಗುಂಪಿನಲ್ಲಿ ಒಬ್ಬ ಬಲ್ಲವನಿದ್ದಾನೆ, ಅವನು ನೋಡಿಕೊಳ್ಳುತ್ತಾನೆ ಅನ್ನುವ ಭರವಸೆ. ಬೇರೆ ಗುಂಪು ಬರುವ ಮೊದಲು ಹೊಸ ಹಿಮ ನಮ್ಮದಾಗಬೇಕು ಅನ್ನುವ ಆತುರ. ಅಷ್ಟು ಜನ ಹೋಗುತ್ತಿದ್ದಾರೆ ಅಂದಮೇಲೆ ಸರಿಯಾಗೇ ಇರಬೇಕು ಅನ್ನುವ ಲೆಕ್ಕ. ನನಗೆ ಹೆಚ್ಚು ತಟ್ಟಿದ್ದು ಒಂದು ವಿಷಯ. ಚೆನ್ನಾಗಿ ತರಬೇತಿ ಪಡೆದವರು ತಮಗೆ ಪರಿಚಯದ ಜಾಗದಲ್ಲಿದ್ದಾಗ, ಏನೂ ಕಲಿಯದವರಷ್ಟೇ ಅಪಾಯಕ್ಕೆ ಮೈಯೊಡ್ಡಿದ್ದರು. ಕಲಿತದ್ದೆಲ್ಲ ಸಲಿಗೆಯ ಮುಂದೆ ಮಾಯ.

2012ರ ಫೆಬ್ರವರಿ 19ರಂದು ಅಮೆರಿಕದ ಕ್ಯಾಸ್ಕೇಡ್ ಪರ್ವತಗಳ ಟನಲ್ ಕ್ರೀಕ್ ಅನ್ನುವ ಕಡೆ ನಡೆದ ಅಪಘಾತದ ಬಗ್ಗೆ ಸಾಕಷ್ಟು ಬರೆದಿದ್ದಾರೆ. 16 ಜನರ ಗುಂಪು. ಹೊಸಬರಲ್ಲ, ಬಹುತೇಕರು ಸ್ಕೀ ಲೋಕದಲ್ಲಿ ಹೆಸರಿದ್ದವರು, ಅದೇ ಬೆಟ್ಟ ಬಲ್ಲವರು. ಸಲಕರಣೆ ಎಲ್ಲ ಇತ್ತು. ಮೂವರು ಸತ್ತರು. ಆಮೇಲೆ ಬದುಕಿದವರು ಮಾತಾಡಿದಾಗ ತಿಳಿದದ್ದು, ಗುಂಪು ಜಾಸ್ತಿ ದೊಡ್ಡದಾಯಿತು ಅಂತ ಕೆಲವರಿಗೆ ಮೊದಲೇ ಅನ್ನಿಸಿತ್ತು, ಹಿಮದ ಬಗ್ಗೆಯೂ ಅನುಮಾನ ಇತ್ತು. ಆದರೆ ಅಂಥವರ ಮುಂದೆ ಬಾಯಿಬಿಟ್ಟು ಹೇಳುವುದು ಹೇಗೆ? ನಾನು ಅವರನ್ನು ದೂರುತ್ತಿಲ್ಲ. ಆ ಗುಂಪಿನಲ್ಲಿ ನಾನಿದ್ದಿದ್ದರೆ ನಾನೂ ಸುಮ್ಮನೇ ಇರುತ್ತಿದ್ದೆ, ನೀವೂ ಅಷ್ಟೇ.

ಗೆಳೆತನ ಇಲ್ಲಿ ಕೈಕೊಡುತ್ತದೆ. ಗೆಳೆಯರ ನಡುವೆ ಯಾರಿಗೂ ರಸಭಂಗ ಮಾಡಲು ಇಷ್ಟ ಇರುವುದಿಲ್ಲ. ನಾಲ್ಕು ಗಂಟೆ ಬೆವರು ಸುರಿಸಿ ಹತ್ತಿದ್ದಾರೆ, ರಜೆ ಹಾಕಿ ಬಂದಿದ್ದಾರೆ, 'ನನಗ್ಯಾಕೋ ಸರಿ ಕಾಣ್ತಿಲ್ಲ' ಅಂದರೆ ಹೆದರುಪುಕ್ಕಲ ಅಂದುಕೊಂಡಾರು. ಹಾಗೆ ನಾಲ್ಕು ಜನ ನಾಲ್ಕು ಅನುಮಾನ ಇಟ್ಟುಕೊಂಡು, ಒಬ್ಬರ ಮೌನವನ್ನು ಇನ್ನೊಬ್ಬರು ಒಪ್ಪಿಗೆ ಅಂತ ತಿಳಿದುಕೊಂಡು, ಒಟ್ಟಿಗೆ ಕೆಳಗೆ ಹೊರಡುತ್ತಾರೆ.

ಧೈರ್ಯವಾಗಿ ಮಾತಾಡಿ ಅಂತ ಬುದ್ಧಿವಾದ ಹೇಳಿದರೆ ಏನೂ ಆಗುವುದಿಲ್ಲ. ಮಾತಾಡದೆ ವಿಧಿಯಿಲ್ಲ ಅನ್ನುವ ಹಾಗೆ ಕಟ್ಟಳೆ ಮಾಡಿಕೊಳ್ಳಬೇಕು. ನಮ್ಮ ಗುಂಪಿನಲ್ಲಿ ಮಾಡಿಕೊಂಡದ್ದನ್ನು ಹೇಳುತ್ತೇನೆ, ಬೇರೆಯವರಿಗೆ ಬೇರೆ ಹೊಂದಬಹುದು. ಹಿಂದಿನ ಸಂಜೆಯೇ ನಕ್ಷೆ ಹರಡಿಕೊಂಡು ನಾಳೆ ಯಾವ ಇಳಿಜಾರುಗಳು ಬೇಡವೇ ಬೇಡ ಅಂತ ತೀರ್ಮಾನಿಸುತ್ತೇವೆ. ಬೆಳಿಗ್ಗೆ ಬಿಸಿಲು ಎಷ್ಟೇ ಚಂದ ಇರಲಿ, ಆ ಪಟ್ಟಿಯಿಂದ ಒಂದನ್ನೂ ತೆಗೆಯುವಂತಿಲ್ಲ. ಸೇರಿಸಬಹುದು. ಬೆಚ್ಚಗೆ ಕೂತಾಗ ಇರುವ ಬುದ್ಧಿ ತುದಿಯಲ್ಲಿ ನಿಂತಾಗ ಇರುವುದಿಲ್ಲ. ಪ್ರತಿ ನಿರ್ಧಾರದ ಜಾಗದಲ್ಲಿ ಎಲ್ಲರಿಗಿಂತ ಕಡಿಮೆ ಅನುಭವ ಇರುವವರು ಮೊದಲು ಮಾತಾಡಬೇಕು, ಪಳಗಿದವರು ಕೊನೆಗೆ. ಉಲ್ಟಾ ಆದರೆ ಪಳಗಿದವರ ಮಾತಿಗೆ ಉಳಿದವರು ತಲೆ ಅಲ್ಲಾಡಿಸುತ್ತಾರೆ ಅಷ್ಟೇ. ಒಬ್ಬರು ಬೇಡ ಅಂದರೆ ಬೇಡ. ಕಾರಣ ಕೇಳುವಂತಿಲ್ಲ, ಸಂಜೆಯವರೆಗೂ ಕೇಳುವಂತಿಲ್ಲ. ಕಾರಣ ಕೇಳಿದರೆ ವಾದ ಶುರು, ವಾದದಲ್ಲಿ ಮಾತು ಬಲ್ಲವನು ಗೆಲ್ಲುತ್ತಾನೆ, ಬೆಟ್ಟಕ್ಕೆ ಅದು ಗೊತ್ತಾಗುವುದಿಲ್ಲ.

ಗುಂಪು ಸಣ್ಣದಿರಲಿ. ಮೂರು ಒಳ್ಳೆಯದು, ನಾಲ್ಕು ಪರವಾಗಿಲ್ಲ. ಅನುಮಾನದ ಇಳಿಜಾರಿನಲ್ಲಿ ಒಮ್ಮೆಗೆ ಒಬ್ಬರೇ, ಉಳಿದವರು ಸುರಕ್ಷಿತ ಜಾಗದಿಂದ ಕಣ್ಣು ಕೀಳದೆ ನೋಡುತ್ತಿರಬೇಕು.

ಒಮ್ಮೆ ಕಣಿವೆಯ ನೆತ್ತಿಯಲ್ಲಿ ಹೀಗಾಯಿತು. ಎದುರಿಗೆ ಅಚ್ಚುಕಟ್ಟಾದ ಇಳಿಜಾರು, ಒಂದೂ ಗೆರೆ ಬಿದ್ದಿಲ್ಲ. ಹಿಂದಿನ ದಿನದ ಗಾಳಿ ಅದೇ ಕಡೆಗೆ ಹಿಮ ತಂದು ಸುರಿದಿತ್ತು. ನಮ್ಮ ಪೈಕಿ ಕಿರಿಯವನು ಅಂಚಿನಲ್ಲಿ ಸ್ಕೀ ತುದಿಯಿಂದ ಒತ್ತಿ ನೋಡಿದ. ಒಂದು ಸಣ್ಣ ಬಿರುಕು, ಒಂದೂವರೆ ಮೀಟರ್ ಓಡಿ ನಿಂತಿತು. 'ಈ ಕಡೆ ಬೇಡ ಕಣ್ರೋ' ಅಂದ. ಅಷ್ಟೇ. ನಾವು ಸ್ಕಿನ್ ಮತ್ತೆ ಅಂಟಿಸಿಕೊಂಡು, ಏಣಿನ ಮೇಲೆ ಸುತ್ತು ಹಾಕಿ, ಹತ್ತಿದ ದಾರಿಯ ಪಕ್ಕದ ಸಾಧಾರಣ ಇಳಿಜಾರಿನಲ್ಲಿ ಇಳಿದೆವು. ಹಿಮ ಮೇಲೆ ತೊಗಟೆ ಕಟ್ಟಿತ್ತು, ಸ್ಕೀಯಿಂಗ್ ದರಿದ್ರವಾಗಿತ್ತು. ಆ ಇಳಿಜಾರು ಕುಸಿಯಿತಾ? ಇಲ್ಲ. ಮರುದಿನ ನೋಡಿದಾಗಲೂ ಹಾಗೇ ಇತ್ತು. ಹೋಗಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಈ ಆಟದಲ್ಲಿ ನಿಮ್ಮ ನಿರ್ಧಾರ ಸರಿಯಿತ್ತಾ ಅಂತ ಬೆಟ್ಟ ಹೇಳುವುದೇ ಇಲ್ಲ. ಹತ್ತು ಸಲ ತಪ್ಪು ಮಾಡಿ ಹತ್ತು ಸಲವೂ ಮಜಾ ಮಾಡಿ ಬರಬಹುದು. ಅನುಭವ ಕಲಿಸುತ್ತದೆ ಅನ್ನುವ ಮಾತನ್ನು ನಾನು ಇಲ್ಲಿ ಅಷ್ಟಾಗಿ ನಂಬುವುದಿಲ್ಲ.

ನಾರ್ವೆಯವರ ಪರ್ವತ ನಿಯಮಗಳಲ್ಲಿ ಒಂದು ಹೀಗಿದೆ: ಸಮಯಕ್ಕೆ ಹಿಂತಿರುಗಿ, ಹಿಂತಿರುಗುವುದರಲ್ಲಿ ನಾಚಿಕೆಯೇನಿಲ್ಲ. ಅದೇ ದೇಶದ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ 1888ರಲ್ಲಿ ಐವರು ಜೊತೆಗಾರರೊಂದಿಗೆ ಸ್ಕೀ ಮೇಲೆ ಗ್ರೀನ್‌ಲ್ಯಾಂಡ್ ದಾಟಿದಾಗ ಬೇಕೆಂದೇ ಜನವಸತಿ ತೀರಾ ಕಡಿಮೆ ಇದ್ದ ಪೂರ್ವ ತೀರದಿಂದ ಹೊರಟರು. ಹಿಂದೆ ಹೋದರೆ ಏನೂ ಇಲ್ಲ, ಮುಂದೆ ಹೋಗಲೇಬೇಕು ಅನ್ನುವ ಲೆಕ್ಕ. ಕೇಳಲು ರೋಮಾಂಚನ ಆಗುತ್ತದೆ. ಆದರೆ ಅವರೂ ತಡವಾಯಿತು ಅಂತ ಕಂಡಾಗ ಮೊದಲು ಗೊತ್ತುಮಾಡಿದ್ದ ಊರನ್ನು ಕೈಬಿಟ್ಟು, ಹತ್ತಿರದ ದಾರಿ ಹಿಡಿದು ಪಶ್ಚಿಮ ತೀರದ ಗಾಟ್‌ಹಾಬ್ (ಈಗಿನ ನೂಕ್) ಕಡೆಗೆ ತಿರುಗಿದರು. ತಲುಪುವಷ್ಟರಲ್ಲಿ ವರ್ಷದ ಕೊನೆಯ ಹಡಗು ತಪ್ಪಿತ್ತು, ಇಡೀ ಚಳಿಗಾಲ ಅಲ್ಲೇ ಕಳೆದರು. ಮೊದಲ ಭಾಗವನ್ನು ಎಲ್ಲರೂ ಹೇಳುತ್ತಾರೆ, ದಾರಿ ಬದಲಿಸಿದ್ದನ್ನು ಕಡಿಮೆ ಜನ ಹೇಳುತ್ತಾರೆ.

ದೂರದ ಜಾಗ ಅಂದೆನಲ್ಲ, ಅಲ್ಲಿ ಏನು ಬದಲಾಗುತ್ತದೆ? ಆಲ್ಪ್ಸ್‌ನಲ್ಲಿ ಇದ್ದರೆ ಪ್ರತಿ ದಿನ ಹಿಮಕುಸಿತದ ಮುನ್ಸೂಚನೆ ಬರುತ್ತದೆ, 1ರಿಂದ 5ರವರೆಗೆ ಅಪಾಯದ ಮಟ್ಟ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಇದಕ್ಕೆಂದೇ ಸಂಸ್ಥೆ ಇದೆ. ಮಟ್ಟ 3 ಅಂದರೆ ಮಧ್ಯಮ, ಪರವಾಗಿಲ್ಲ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅಲ್ಲಿ ಸುಮಾರು ಅರ್ಧದಷ್ಟು ಸಾವು ಆಗುವುದು ಆ 3ರಲ್ಲೇ. ಗ್ರೀನ್‌ಲ್ಯಾಂಡಿನ ಪೂರ್ವ ತೀರಕ್ಕೋ ಅಂಟಾರ್ಕ್ಟಿಕಾಕ್ಕೋ ಹೋದರೆ ಅದೂ ಇಲ್ಲ, ಮುನ್ಸೂಚನೆ ಬರೆಯುವವರು ನೀವೇ. ಹಾಗಾಗಿ ಮೊದಲ ದಿನಗಳು ಸಪ್ಪೆ ಇಳಿಜಾರಿಗೇ ಮೀಸಲು. ಹಿಮ ಅಗೆದು ಪದರ ನೋಡುವುದು, ಗಾಳಿ ಯಾವ ಕಡೆಯಿಂದ ಬೀಸಿದೆ ಅಂತ ಗುರುತು ಹಾಕಿಕೊಳ್ಳುವುದು. ಉತ್ತರ ಧ್ರುವದ ಕಡೆ ಇರುವ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಇನ್ನೊಂದು ಕೆಲಸ ಸೇರುತ್ತದೆ: ಹಿಮಕರಡಿ. ಊರ ಹೊರಗೆ ಹೋಗುವವರ ಬಳಿ ಕರಡಿ ಬೆದರಿಸುವ ಸಾಧನ ಇರಲೇಬೇಕು, ಡೇರೆ ಹಾಕಿದರೆ ರಾತ್ರಿ ಪಾಳಿಯಲ್ಲಿ ಕಾವಲು.

ಎಲ್ಲಕ್ಕಿಂತ ಬದಲಾಗುವುದು ಸಣ್ಣ ತೊಂದರೆಯ ಬೆಲೆ. ರೆಸಾರ್ಟಿನಲ್ಲಿ ಬೈಂಡಿಂಗ್ ಮುರಿದರೆ ಬೈದುಕೊಂಡು ಅಂಗಡಿಗೆ ಹೋಗುತ್ತೀರಿ. ರಸ್ತೆಯಿಂದ 20 ಕಿಲೋಮೀಟರ್ ಒಳಗೆ ಅದೇ ಮುರಿದರೆ, ಸೊಂಟದವರೆಗೆ ಹೂತುಕೊಂಡು ನಡೆಯಬೇಕು. ಸ್ಕಿನ್ನಿನ ಅಂಟಿಗೆ ಹಿಮದ ಪುಡಿ ಹತ್ತಿದರೆ ಅದು ಸ್ಕೀ ಬಿಟ್ಟು ನೇತಾಡುತ್ತದೆ. ಆಗ ಸ್ಕೀಯ ಅಂಚಿಗೆ ಉಜ್ಜಿ ಪುಡಿ ತೆಗೆದು, ಮಡಚಿ ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಬೆಚ್ಚಗೆ ಮಾಡಿ, ಮತ್ತೆ ಅಂಟಿಸಿ ರಬ್ಬರ್ ಪಟ್ಟಿಯಿಂದ ಬಿಗಿಯಬೇಕು. ನಮ್ಮ ರಿಪೇರಿ ಚೀಲದಲ್ಲಿ ಆ ಪಟ್ಟಿಗಳು, ತಂತಿ, ಡಕ್ಟ್ ಟೇಪು, ಸ್ಕ್ರೂಡ್ರೈವರ್, ಒಂದಿಷ್ಟು ಸ್ಕ್ರೂ ಇರುತ್ತವೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇರುತ್ತದೆ. ಸಂದೇಶ ನಿಮಿಷದಲ್ಲಿ ಹೋಗುತ್ತದೆ, ಹವೆ ಕೆಟ್ಟಿದ್ದರೆ ಸಹಾಯ ಬರಲು ದಿನಗಳೇ ಹಿಡಿಯಬಹುದು. ಅಂಥ ಕಡೆ ನಾವು ಬೇಕೆಂದೇ ಒಂದು ಮೆಟ್ಟಿಲು ಕೆಳಗೆ ಸ್ಕೀ ಮಾಡುತ್ತೇವೆ. ಜಿಗಿತ ಇಲ್ಲ, ವೇಗ ಇಲ್ಲ. ಮೊಣಕಾಲು ತಿರುಚಿದರೆ ಎಲ್ಲರ ಯಾತ್ರೆಯೂ ಅಲ್ಲಿಗೇ ಮುಗಿಯಿತು.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಹಿಮಕುಸಿತದಲ್ಲಿ ಹಿಡಿಕೆ ಎಳೆದರೆ ಊದಿಕೊಳ್ಳುವ ಏರ್‌ಬ್ಯಾಗ್ ಚೀಲ ಬೆನ್ನಿಗಿದ್ದರೆ ಸಾಕಲ್ಲವೇ ಅಂತ ಒಬ್ಬರು ಕೇಳಿದರು. ಉಪಯೋಗ ಇದೆ. ದೊಡ್ಡ ವಸ್ತು ಸಣ್ಣವುಗಳ ನಡುವೆ ಅಲುಗಾಡುವಾಗ ಮೇಲಕ್ಕೆ ಬರುತ್ತದೆ, ಅದೇ ತತ್ವ. 2014ರ ಅಧ್ಯಯನವೊಂದರ ಪ್ರಕಾರ, ಗಂಭೀರವಾಗಿ ಸಿಕ್ಕಿಕೊಂಡವರಲ್ಲಿ ಅದು ಊದಿಕೊಂಡಾಗ ಸಾವಿನ ಪ್ರಮಾಣ ಶೇ 22ರಿಂದ ಶೇ 11ಕ್ಕೆ ಇಳಿದಿತ್ತು. ಆದರೆ 5ರಲ್ಲಿ 1 ಸಲ ಅದು ಊದಿಕೊಂಡಿರಲೇ ಇಲ್ಲ, ಹೆಚ್ಚಾಗಿ ಹಿಡಿಕೆ ಎಳೆಯಲು ಆಗದೆ. ಬಂಡೆಗೋ ಮರಕ್ಕೋ ಬಡಿದರೆ ಅದು ಏನೂ ಮಾಡಲಾರದು.

ಗೆಳೆಯರಲ್ಲಿ ಒಬ್ಬರು ಯಾವಾಗಲೂ ಬೇಡ ಅಂತಲೇ ಹೇಳುತ್ತಿದ್ದರೆ? ಒಳ್ಳೆಯ ಪ್ರಶ್ನೆ, ಎಲ್ಲರೂ ನಕ್ಕರು ಅಂದರೆ ಎಲ್ಲರಿಗೂ ಅಂಥವರು ಇದ್ದಾರೆ. ನೀವು ಆರಿಸಿದ ಜಾಗ ಅವರಿಗೆ ಜಾಸ್ತಿಯಾಯಿತು ಅಂತ ಅರ್ಥ, ಸುಲಭದ ಜಾಗಕ್ಕೆ ಹೋಗಿ. ಇಲ್ಲವೇ ನಿಮ್ಮಿಬ್ಬರ ಆಸೆಯೇ ಬೇರೆ ಇರಬಹುದು. ಪ್ರಾಣಸ್ನೇಹಿತರೆಲ್ಲ ಒಳ್ಳೆಯ ಸ್ಕೀ ಜೊತೆಗಾರರು ಆಗಬೇಕು ಅಂತೇನಿಲ್ಲ. ನನ್ನ ಮಟ್ಟಿಗೆ, ಯಾವತ್ತೂ ಬೇಡ ಅನ್ನದವರ ಬಗ್ಗೆ ಭಯ ಜಾಸ್ತಿ.

ಶುರು ಮಾಡುವುದು ಎಲ್ಲಿಂದ ಅಂತ ಹಿಂದಿನ ಸಾಲಿನಿಂದ ಕೇಳಿದರು. ಮೊದಲು ಲಿಫ್ಟ್ ಇರುವ ಕಡೆ ಯಾವ ಹಿಮದಲ್ಲಾದರೂ ಬೀಳದೆ ಇಳಿಯುವಷ್ಟು ಸ್ಕೀ ಕಲಿಯಿರಿ. ಆಮೇಲೆ ಹಿಮಕುಸಿತದ ಕೋರ್ಸು, ಆಮೇಲೆ ಪ್ರಮಾಣಪತ್ರ ಇರುವ ಗೈಡ್ ಜೊತೆ ಒಂದೆರಡು ಯಾತ್ರೆ. ನಡುವೆ ನೀವೇ ಮಾಡಬಹುದಾದದ್ದು ಬೀಕನ್ ಅಭ್ಯಾಸ. ಒಂದು ಬೀಕನ್ ಆನ್ ಮಾಡಿ ಚೀಲದಲ್ಲಿ ಹಾಕಿ ಹೂತಿಡಿ, ಗಡಿಯಾರ ಹಿಡಿದು ಹುಡುಕಿ, ಅಗೆದು ತೆಗೆಯಿರಿ. ಪ್ರತಿ ಸೀಸನ್ನಿನ ಮೊದಲ ದಿನ ನಾವು ಬೆಟ್ಟ ಹತ್ತುವುದಿಲ್ಲ, ಇದನ್ನೇ ಮಾಡುತ್ತೇವೆ. ಯಾರು ಜಾಸ್ತಿ ಸಮಯ ತೆಗೆದುಕೊಳ್ಳುತ್ತಾರೋ ಅವರು ಆ ರಾತ್ರಿ ಎಲ್ಲರ ಸ್ಕಿನ್ ಒಣಗಿಸಬೇಕು.